ಲಂಟಾನ ತಿಂದ ದನ: ಕಣ್ಣು ಹಳದಿಯಾಗುವವರೆಗೆ ಕಾಯಬೇಡಿ

ಬೇಸಿಗೆಯ ಕೊನೆಗೆ ಗೋಮಾಳದ ಹುಲ್ಲೆಲ್ಲ ಒಣಗಿದರೂ ಲಂಟಾನ ಪೊದೆ ಹಸಿರಾಗಿಯೇ ಇರುತ್ತದೆ. ಅದರ ಪರಿಚಯವಿರುವ ದನ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ತಿನ್ನುವುದು ಸಂತೆಯಿಂದ ಹೊಸದಾಗಿ ತಂದ ರಾಸು, ಎಳೆಗರು, ಹಸಿದ ಮಂದೆ. ಆದ್ದರಿಂದ ಮೇಯಲು ಹೊಡೆಯುವ ಮುಂಚೆ ರಾಗಿಹುಲ್ಲನ್ನೋ ಜೋಳದ ಸೊಪ್ಪೆಯನ್ನೋ ಹಾಕಿ. ಎಲೆ ಒಣಗಿದರೂ ವಿಷ ಹೋಗುವುದಿಲ್ಲ.

ದೇಹತೂಕದ ನೂರಕ್ಕೆ 1 ಪಾಲು, ಅಂದರೆ 300 ಕೆ.ಜಿ. ಹಸುವಿಗೆ 3 ಕೆ.ಜಿ.ಯಷ್ಟು ಹಸಿ ಎಲೆಯೇ ಅಪಾಯ. ಎಲೆಯಲ್ಲಿರುವ ಲ್ಯಾಂಟಡೀನ್ ಎಂಬ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಪಿತ್ತ ಹರಿಯುವುದು ನಿಲ್ಲುತ್ತದೆ, ಜೊತೆಗೆ ದೊಡ್ಡ ಹೊಟ್ಟೆಯೂ ಸ್ತಬ್ಧವಾಗುತ್ತದೆ. ಕೇಡಿರುವುದು ಇಲ್ಲೇ: ತಿಂದ ಎಲೆ ಮುಂದೆ ಸಾಗದೆ ಅಲ್ಲೇ ಕೂತು ದಿನವೂ ವಿಷ ಬಿಡುತ್ತಿರುತ್ತದೆ. ಲಂಟಾನ ತಿನ್ನುವುದನ್ನು ನಿಲ್ಲಿಸಿದ ಮಾತ್ರಕ್ಕೆ ದನ ಚೇತರಿಸಿಕೊಳ್ಳದಿರುವುದು ಇದರಿಂದಲೇ.

ಮೊದಲ ದಿನವೇ ಮೇವು ಬಿಡುವುದು, ಮೆಲುಕು ನಿಲ್ಲುವುದು, ಸಗಣಿ ಗಟ್ಟಿಯಾಗುವುದು ಕಾಣುತ್ತದೆ. ಕಣ್ಣು, ವಸಡು ಹಳದಿಯಾಗುವುದು ಎರಡು ಮೂರು ದಿನದ ಮೇಲೆ. ಆಮೇಲೆ ಮೂತಿ, ಕಿವಿ, ಬಿಳಿ ಚರ್ಮ ಕೆಂಪಾಗಿ ಬಿರಿದು ಸುಲಿಯುತ್ತವೆ. ರಕ್ತ ಹೀರುವ ಉಣ್ಣೆ (ಉಣುಗು) ಕಚ್ಚಿ ಬರುವ ಕಾಮಾಲೆಯಲ್ಲೂ ಕಣ್ಣು ಹಳದಿಯಾಗುತ್ತದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ಜೋರು ಜ್ವರವಿರುತ್ತದೆ. ಅನುಮಾನವಿದ್ದರೆ ರಕ್ತಪರೀಕ್ಷೆ ಮಾಡಿಸಿ.

ಮೆಲುಕು ನಿಂತ ಕೂಡಲೇ ಪಶುವೈದ್ಯರನ್ನು ಕರೆಸಿ, ರಾಸನ್ನು ಗಾಢ ನೆರಳಿನ ಕೊಟ್ಟಿಗೆಯಲ್ಲಿ ಕಟ್ಟಿ. ಮುಂಗೈಯಗಲ ಬಿಸಿಲು ಬಿದ್ದರೂ ಸುಡುತ್ತದೆ. ಹಸಿರು ಮೇವಿನ ಬಣ್ಣದಿಂದ ಹುಟ್ಟುವ ಅಂಶ ಪಿತ್ತದಲ್ಲಿ ಹೋಗಲಾರದೆ ರಕ್ತಕ್ಕೆ ಸೇರಿ ಈ ಸುಡುವಿಕೆ ತರುವುದರಿಂದ ಒಣಮೇವನ್ನೇ ಕೊಡಿ. ಮುಖ್ಯ ಮದ್ದು ಆಕ್ಟಿವೇಟೆಡ್ ಇದ್ದಿಲು, ಅಂದರೆ ವಿಷ ಹಿಡಿದುಕೊಳ್ಳುವಂತೆ ಸಂಸ್ಕರಿಸಿದ ಇದ್ದಿಲಿನ ಪುಡಿ: ದೇಹತೂಕದ ಪ್ರತಿ ಕೆ.ಜಿ.ಗೆ 5 ಗ್ರಾಂ. 400 ಕೆ.ಜಿ. ಹಸುವಿಗೆ 2 ಕೆ.ಜಿ.ಯನ್ನು ಸುಮಾರು 20 ಲೀಟರ್ ಲವಣದ್ರಾವಣದಲ್ಲಿ ಕಲಸಿ ವೈದ್ಯರು ನಳಿಗೆಯಿಂದ ಹೊಟ್ಟೆಗೇ ಬಿಡುತ್ತಾರೆ. ಗೊಟ್ಟದಲ್ಲಿ ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿದರೆ ವಿಷಕ್ಕಿಂತ ಮೊದಲು ಅದೇ ಕೊಲ್ಲುತ್ತದೆ. ಒಲೆಯ ಇದ್ದಿಲು ಇದರ ಕೆಲಸ ಮಾಡುವುದಿಲ್ಲ. ಮರುದಿನವೂ ಮೆಲುಕು ಬರದಿದ್ದರೆ ಇನ್ನೊಮ್ಮೆ ಕೊಡಬೇಕಾಗಬಹುದು.

ಪೊದೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಸುಟ್ಟರೂ ಅಷ್ಟೇ. ಕಾಯಿ ಕಟ್ಟುವ ಮುಂಚೆ, ಮಣ್ಣು ಹದವಾಗಿರುವಾಗ ಬುಡದ ಪಕ್ಕ ಗುದ್ದಲಿ ಓರೆಯಾಗಿ ಹಾಕಿ, ನೆಲದಿಂದ ನಾಲ್ಕೈದು ಸೆಂ.ಮೀ. ಕೆಳಗೆ ತಾಯಿಬೇರನ್ನೇ ಕತ್ತರಿಸಿ. ಪೊದೆಯನ್ನು ಬುಡಮೇಲು ಮಾಡಿ ಒಣಗಲು ಬಿಡಿ, ಬೇರು ಮಣ್ಣಿಗೆ ತಾಗಬಾರದು. ತೆರವಾದ ಜಾಗಕ್ಕೆ ತಡಮಾಡದೆ ಸ್ಟೈಲೋ ಅಥವಾ ಅಂಜನ್ ಹುಲ್ಲಿನ ಬೀಜ ಚೆಲ್ಲಿ. ಹಕ್ಕಿ ಕೂರುವ ಮರಗಳ ಕೆಳಗೆ ಮುಂದಿನ ಎರಡು ಮಳೆಗಾಲ ಸಸಿ ಏಳುತ್ತಲೇ ಇರುತ್ತವೆ, ಕೈಯಲ್ಲೇ ಕಿತ್ತುಬಿಡಿ.