ಮೊದಲು ವಾಳೆ, ಆಮೇಲೆ ಒಲೆ
ಚರ್ಚಿನಿಂದ ಆಸ್ಪತ್ರೆಗೆ ಭಾನುವಾರದ ನೂರು ಊಟ ಕಳಿಸುವುದು ಹೇಗೆ?

ಸರಕಾರಿ ಆಸ್ಪತ್ರೆಯಲ್ಲಿ ರೋಗಿಗೆ ಊಟ ಸಿಗುತ್ತದೆ. ಜೊತೆಗೆ ಬಂದ ಅಮ್ಮನೋ ತಮ್ಮನೋ ಹೊರಗೆ ದುಡ್ಡು ಕೊಟ್ಟು ತಿನ್ನಬೇಕು. ಮಂಗಳೂರಿನ ವೆನ್ಲಾಕ್ ಸರಕಾರಿ ಆಸ್ಪತ್ರೆಗೆ ಕಾಸರಗೋಡು, ಕೊಡಗು, ಚಿಕ್ಕಮಗಳೂರಿನಿಂದಲೂ ಜನ ಬರುತ್ತಾರೆ. ವಾರಗಟ್ಟಲೆ ಉಳಿಯುವವರೂ ಇದ್ದಾರೆ. ಇಂಥವರಿಗೆ ಭಾನುವಾರ ಮಧ್ಯಾಹ್ನ ಊಟ ಕೊಡೋಣ ಅಂತ ನಿಮ್ಮ ಚರ್ಚಿನಲ್ಲೂ ಮಾತು ಎದ್ದಿದೆಯಾ? ಹಾಗಾದರೆ ಓದಿ.

ಹೆಚ್ಚಿನವರು ಮೊದಲು ದಾನಿಯನ್ನು ಹುಡುಕುತ್ತಾರೆ. ಗಲ್ಫಿನಲ್ಲಿರುವ ಯಾರೋ ಆರು ತಿಂಗಳ ಖರ್ಚು ಕೊಡುತ್ತಾರೆ. ಏಳನೇ ತಿಂಗಳು ಒಲೆ ಆರುತ್ತದೆ. ನನ್ನನ್ನು ಕೇಳಿದರೆ ವಾಳೆಯಿಂದ ಶುರು ಮಾಡಿ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ಚರ್ಚಿಗೆ ಸೇರಿದ ಮನೆಗಳನ್ನು ವಾಳೆಗಳಾಗಿ ಹಂಚಿರುತ್ತಾರೆ, ಒಂದೊಂದು ವಾಳೆಗೂ ಒಬ್ಬರು ಗುರಿಕಾರರು. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಯಾರ ಜೊತೆ ಮಾತಿಲ್ಲ, ಎಲ್ಲ ಅವರಿಗೆ ಗೊತ್ತು. ಹನ್ನೆರಡು ವಾಳೆ ಇದ್ದರೆ ಒಂದು ವಾಳೆಗೆ ಸರದಿ ಬರುವುದು ಮೂರು ತಿಂಗಳಿಗೊಮ್ಮೆ. ಅಷ್ಟು ಯಾರಿಗೂ ಭಾರವಲ್ಲ.

ಫಾದರ್ ಮತ್ತು ಪಾಲನಾ ಮಂಡಳಿ ಒಪ್ಪಿದ ಮೇಲೆ ಆಸ್ಪತ್ರೆಯವರನ್ನು ಕಾಣಿ. ಯಾವ ದಿನ ಯಾರು ಈಗಾಗಲೇ ಊಟ ಕೊಡುತ್ತಿದ್ದಾರೆ ಎಂದು ಕೇಳಿ. ಒಂದೇ ಹೊತ್ತಿಗೆ ಎರಡು ವ್ಯಾನ್ ಬಂದು ನಿಂತರೆ ಅನ್ನ ಹಾಳು. ಪುಕ್ಕಟೆ ಹಂಚುವುದಾದರೂ ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಳ್ಳಿ.

ಅಕ್ಕಿಗೆ ಸುಲಭ ದಾರಿ ಹಿಡಿ ಅಕ್ಕಿ. ಮನೆಯಲ್ಲಿ ಅನ್ನಕ್ಕೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ. ದುಡ್ಡಿಗೆ ಮಾತ್ರ ವಿನ್ಸೆಂಟ್ ಡಿ ಪಾವ್ಲ್ ಸಭೆಯವರನ್ನು ನೋಡಿ ಕಲಿಯಬೇಕು. 1833ರಲ್ಲಿ ಪ್ಯಾರಿಸ್‌ನಲ್ಲಿ ಓಝನಾಮ್ ಎಂಬ ಇಪ್ಪತ್ತರ ಹುಡುಗ ಗೆಳೆಯರ ಜೊತೆ ಬಡವರ ನೆರವಿಗೆ ಶುರು ಮಾಡಿದ ಸಭೆ ಅದು. ಅವರು ಸೇರಿದಾಗ, ಕೊನೆಗೆ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ. ಎಲ್ಲರೂ ಮುಷ್ಟಿ ಮುಚ್ಚಿಕೊಂಡೇ ಕೈ ಒಳಗೆ ಹಾಕುತ್ತಾರೆ. ಐನೂರು ಹಾಕಿದವರು ಯಾರು, ಏನೂ ಹಾಕದೆ ಕೈ ತೆಗೆದವರು ಯಾರು, ಗೊತ್ತಾಗುವುದಿಲ್ಲ. ಬೋರ್ಡಿನಲ್ಲಿ ದಾನಿಗಳ ಹೆಸರು ಬರೆಯುವುದಕ್ಕಿಂತ ಇದು ಎಷ್ಟೋ ವಾಸಿ.

ಈಗ ಅಡುಗೆ. ತಿನ್ನುವವರಲ್ಲಿ ಎಲ್ಲ ಜಾತಿ, ಧರ್ಮದವರೂ ಇರುತ್ತಾರೆ, ಹಾಗಾಗಿ ಮೀನು ಮಾಂಸ ಬೇಡ. ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಸಸ್ಯಾಹಾರ ಮಾಡಿ ಬಡಿಸುವ ನಮ್ಮವರಿಗೆ ಇದೇನು ಹೊಸತಲ್ಲ. ನೂರು ಜನಕ್ಕೆ 13 ಕೆ.ಜಿ. ಕುಚ್ಚಲಕ್ಕಿ, 3 ಕೆ.ಜಿ. ತೊಗರಿಬೇಳೆ, ಸಾಂಬಾರು ಪಲ್ಯ ಎರಡಕ್ಕೂ ಸೇರಿ 12 ಕೆ.ಜಿ. ತರಕಾರಿ ಸಾಕು. ಕುಚ್ಚಲಕ್ಕಿ ಬೇಯಲು ಹೊತ್ತು ಹಿಡಿಯುತ್ತದೆ. ಬೆಳಗಿನ ಪೂಜೆ ಮುಗಿದ ಕೂಡಲೇ ನೀರಿಡಿ.

ಸಾಂಬಾರಿಗೆ ತೆಂಗಿನಕಾಯಿ ಅರೆದು ಹಾಕಬೇಡಿ. ಇದನ್ನು ಕಲಿತದ್ದು ಕೈ ಸುಟ್ಟುಕೊಂಡು. ನಮ್ಮ ವಾಳೆಯ ಮೊದಲ ಸರದಿಗೆ ರುಚಿ ಚೆನ್ನಾಗಿರಲಿ ಅಂತ ಕಾಯಿ ಅರೆದು ಸೌತೆಕಾಯಿ ಸಾಂಬಾರು ಮಾಡಿದೆವು. ಹತ್ತಕ್ಕೇ ಇಳಿಸಿ, ಕ್ಯಾನಿಗೆ ಸುರಿದು, ಮುಚ್ಚಳ ಬಿಗಿದೆವು. ವ್ಯಾನ್ ಬರುವುದು ತಡವಾಯಿತು. ಮೇ ತಿಂಗಳ ಸೆಕೆ ಬೇರೆ. ಒಂದೂವರೆಗೆ ಮುಚ್ಚಳ ತೆರೆದರೆ ಮೇಲೆಲ್ಲ ನೊರೆ, ಹುಳಿ ವಾಸನೆ. "ಕಾಯಿ ಬೇಡ ಮಗಾ ಅಂದಿದ್ದೆ ಅಲ್ವಾ?" ಅಂದರು ನಮ್ಮ ಅಡುಗೆಯ ಹಿರಿಯಮ್ಮ. ಎಲ್ಲ ಚೆಲ್ಲಿ, ಅನ್ನಕ್ಕೆ ಮಜ್ಜಿಗೆ, ಉಪ್ಪಿನಕಾಯಿ ಕೊಟ್ಟು ಬಂದೆವು. ಈಗ ಬೇಳೆ ಸಾಂಬಾರು ಮಾತ್ರ, ಅದೂ ಹೊರಡುವ ಹೊತ್ತಿಗೆ ಕುದಿ ಬರುವ ಹಾಗೆ. ಬೇಯಿಸಿದ್ದು ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇರಬಾರದು. ಬಿಸಿಯಾಗಿಯೇ ಇಡುವುದಾದರೆ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು.

ಹಂಚುವಾಗ ಟೋಕನ್ ಕೊಡಿ. ಇಲ್ಲದಿದ್ದರೆ "ಅವರಿಗೆ ಎರಡು ಸಲ, ನಮಗೆ ಒಂದೂ ಇಲ್ಲ" ಅನ್ನುವ ದೂರು ಗ್ಯಾರಂಟಿ. ಬೇಜಾರು ಮಾಡಿಕೊಳ್ಳಬೇಡಿ, ಈ ದೂರು ಆದಿ ಕ್ರೈಸ್ತರ ಕಾಲದ್ದು. ದಿನದ ಊಟ ಹಂಚುವಾಗ ತಮ್ಮ ವಿಧವೆಯರನ್ನು ಕಡೆಗಣಿಸುತ್ತಾರೆ ಅಂತ ಗ್ರೀಕ್ ಮಾತಾಡುವವರು ಜೆರುಸಲೇಮಿನಲ್ಲಿ ಗೊಣಗಿದ್ದು ಬೈಬಲಿನಲ್ಲೇ ಇದೆ. ಅದಕ್ಕೆಂದೇ ಏಳು ಮಂದಿಯನ್ನು ನೇಮಿಸಿದರು, ಸಂತ ಸ್ತೇಫನ್ ಅವರಲ್ಲೊಬ್ಬರು. ನಿಮಗೆ ಇಬ್ಬರು ಸಾಕು. ಒಬ್ಬರು ಸಾಲು ನೋಡಲಿ, ಇನ್ನೊಬ್ಬರು ವಾರ್ಡಿನಿಂದ ಇಳಿದು ಬರಲಾಗದವರಿಗೆ ಮೇಲೆ ಒಯ್ಯಲಿ. ಫೋಟೋ ಬೇಡ. ಆಸ್ಪತ್ರೆಯಲ್ಲಿ ತಟ್ಟೆ ಹಿಡಿದು ನಿಂತ ಮುಖ ವಾಟ್ಸಾಪ್‌ನಲ್ಲಿ ಬರುವುದು ಯಾರಿಗೆ ಇಷ್ಟ?

ಇನ್ನೊಂದು. ಸರದಿ ಪಟ್ಟಿಯಲ್ಲಿ ಕೊಪ್ಪರಿಗೆ ತೊಳೆಯುವವರ ಹೆಸರನ್ನೂ ಬರೆದು ಹಾಕಿ. ತರಕಾರಿ ಹೆಚ್ಚಲು ಇಪ್ಪತ್ತು ಜನ ಬರುತ್ತಾರೆ, ಮೂರು ಗಂಟೆಗೆ ನಲ್ಲಿ ಹತ್ತಿರ ಉಳಿಯುವುದು ಗುರಿಕಾರರೊಬ್ಬರೇ.