ಸೊಸೈಟಿ ಮೀಟಿಂಗನ್ನು ನಾಟಕದ ಕಣ್ಣಲ್ಲಿ ಓದುವುದು

ಮಾತಾಡುವುದೂ ಒಂದು ಕ್ರಿಯೆ. ಆದ್ದರಿಂದ ಮಾತನ್ನು ನಾಟಕದ ಹಾಗೆ ಬಿಡಿಸಿ ನೋಡಬಹುದು ಎಂದವನು ಅಮೆರಿಕದ ವಿಮರ್ಶಕ ಕೆನೆತ್ ಬರ್ಕ್. 1945ರ ‘ಎ ಗ್ರಾಮರ್ ಆಫ್ ಮೋಟಿವ್ಸ್’ನಲ್ಲಿ ಅವನು ಕೊಟ್ಟದ್ದು ಐದು ಅಂಗ: ಕ್ರಿಯೆ (ನಡೆದದ್ದು), ರಂಗ (ನಡೆದ ಸನ್ನಿವೇಶ), ಕರ್ತೃ (ಮಾಡಿದವರು), ಸಾಧನ (ಮಾಡಿದ ಬಗೆ), ಉದ್ದೇಶ (ಯಾಕೆ ಮಾಡಿದ್ದು). ಮಾತಿನ ಧೋರಣೆಯನ್ನು ಆರನೆಯದಾಗಿ ಆಮೇಲೆ ಸೇರಿಸಿದ.

ಮುಂಬಯಿ ಹತ್ತಿರದ ಡೊಂಬಿವಲಿಯ ಯಾವುದೋ ಹೌಸಿಂಗ್ ಸೊಸೈಟಿಯಲ್ಲಿ ಹಳೇ ಕಟ್ಟಡ ಕೆಡವಿ ಬಿಲ್ಡರಿನಿಂದ ಹೊಸದು ಕಟ್ಟಿಸುವ ರೀಡೆವಲಪ್‌ಮೆಂಟ್ ಜಗಳ ಎಂದಿಟ್ಟುಕೊಳ್ಳಿ. ಸೆಕ್ರೆಟರಿ: “ಕಟ್ಟಡ ಹಳೇದಾಯ್ತು, ಮಳೆಗೆ ಪ್ಲಾಸ್ಟರ್ ಉದುರ್ತಿದೆ, ಬಿಲ್ಡರಿಗೆ ಕೊಡಬೇಕಾಗಿ ಬಂತು.” ಎದುರಾಳಿ: “ಕೊಟ್ಟೋರು ನೀವು, ಟೆಂಡರ್ ಕರೀದೆ ಕೊಟ್ರಿ.”

ಮೊದಲು ನಾಲ್ಕೈದು ವಾಕ್ಯ ಆಡಿದಂತೆಯೇ ಬರೆದುಕೊಳ್ಳಿ. ಮರಾಠಿಯಲ್ಲಿ ‘ದ್ಯಾವಂ ಲಾಗಲಂ’ (ಕೊಡಬೇಕಾಯಿತು) ಎಂದಿದ್ದರೆ ಹಾಗೇ ಇರಲಿ. ‘ಕೊಟ್ಟೆವು’ ಎಂದು ಕನ್ನಡಕ್ಕೆ ತಂದಿರೋ, ಇಲ್ಲದ ಕರ್ತೃ ನುಸುಳಿಬಿಡುತ್ತಾನೆ. ಆಮೇಲೆ ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ‘ಕೊಡಬೇಕಾಗಿ ಬಂತು’ ಎಂಬಲ್ಲಿ ಕೊಟ್ಟವರೇ ಕಾಣೆ. ಕೊಡಿಸಿದ್ದು ಹಳೇ ಕಟ್ಟಡ, ಅಂದರೆ ರಂಗ. ಎದುರಾಳಿ ಹಿಡಿದದ್ದು ಕರ್ತೃವನ್ನು, ಜೊತೆಗೆ ಸಾಧನವನ್ನು.

ಐದು ಖಾನೆ ತುಂಬಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ಅದು ಬರೀ ವರದಿ. ಬೇಕಾದದ್ದು ಜೋಡಿ: ಯಾವ ಅಂಗ ಯಾವುದನ್ನು ಎಳೆಯುತ್ತಿದೆ? ಐದರಿಂದ ಹತ್ತು ಜೋಡಿಗಳಾಗುತ್ತವೆ, ಒಂದು ಮಾತಿನಲ್ಲಿ ಒಂದೆರಡೇ ಭಾರ ಹೊರುತ್ತವೆ. ಪರೀಕ್ಷೆ ಸುಲಭ. ಕಟ್ಟಡ ಗಟ್ಟಿಯಿದೆ ಎಂದು ಸ್ಟ್ರಕ್ಚರಲ್ ಆಡಿಟ್ ಹೇಳಿತು ಅನ್ನಿ. ಸೆಕ್ರೆಟರಿಯ ವಾದ ಕುಸಿದರೆ ಅದು ನಿಂತಿದ್ದು ರಂಗದ ಮೇಲೆಯೇ. “ಆದರೂ ದೊಡ್ಡ ಮನೆ ಸಿಗುತ್ತಲ್ಲ” ಎಂದರೆ ಉದ್ದೇಶಕ್ಕೆ ಜಿಗಿದರು. ಆ ಜಿಗಿತವನ್ನು ಗುರುತು ಹಾಕಿಕೊಳ್ಳಿ.

ಬಿಲ್ಡರ್ ಕರ್ತೃವೋ ಸಾಧನವೋ ಎಂದು ಗೊಂದಲವಾದರೆ ಅವಸರದಲ್ಲಿ ತೀರ್ಮಾನಿಸಬೇಡಿ. ಇಬ್ಬರೂ ಕಿತ್ತಾಡುತ್ತಿರುವುದು ಅಲ್ಲಿಯೇ ಇರಬಹುದು. ಮೀಟಿಂಗಿನ ಮಾತು ಒಂದು ಕ್ರಿಯೆ, ಆ ಮಾತು ಯಾವುದರ ಬಗ್ಗೆಯೋ ಆ ಘಟನೆ, ಅಂದರೆ ಬಿಲ್ಡರಿಗೆ ಕೊಟ್ಟದ್ದು, ಇನ್ನೊಂದು. ಎರಡಕ್ಕೂ ಬೇರೆ ಹಾಳೆ ಇಡಿ. ಇನ್ನು, ರಂಗವನ್ನು ಮುಂದೆ ಮಾಡಿದವರೆಲ್ಲ ಸುಳ್ಳುಗಾರರಲ್ಲ, ಪ್ಲಾಸ್ಟರ್ ನಿಜಕ್ಕೂ ಉದುರುತ್ತಿರಬಹುದು. ಯಾರು ಯಾವುದನ್ನು ಕಾರಣವೆಂದು ಎಣಿಸುತ್ತಾರೆ ಎಂಬುದಷ್ಟೇ ಈ ವಿಧಾನದಿಂದ ತಿಳಿಯುತ್ತದೆ.

ಕೈ ಪಳಗಲು ಮುಂಬಯಿಯ ಕರಾವಳಿಯವರ ತಾಳಮದ್ದಳೆಗಿಂತ ಒಳ್ಳೆಯ ಗರಡಿ ಇಲ್ಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು ಬಿಟ್ಟರೆ ಇರುವುದೆಲ್ಲ ಮಾತು. ವಾಲಿವಧೆಗೆ ಹೋಗಿ ಕೂತುಕೊಳ್ಳಿ. ಮರದ ಮರೆಯಿಂದ ಹೊಡೆದೆಯಲ್ಲ ಎಂದು ವಾಲಿ ಸಾಧನ ಹಿಡಿಯುತ್ತಾನೆ; ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ನೀನು ಎಂದು ರಾಮ ಕರ್ತೃವಿನ ಕಡೆ ತಿರುಗಿಸುತ್ತಾನೆ. ಬಾಣ ಒಂದೇ.