ನಾಲ್ಕನೇ ಸೀಟಿಗೆ ಯಾರು?

ಬಲವಾಗಿ ದೋಣಿಯ ಹುಟ್ಟು ಹಾಕುವವರನ್ನು ಹುಡುಕಿದ್ದೇ ನನ್ನ ಮೊದಲ ತಪ್ಪು.

ಕೆನರಿ ದ್ವೀಪಗಳ ಲಾ ಗೊಮೇರಾದಿಂದ ಕೆರಿಬಿಯನ್‌ನ ಆಂಟಿಗಾಕ್ಕೆ ಅಟ್ಲಾಂಟಿಕ್ ದಾಟಬೇಕು ಅಂತ ಹೊರಟಿದ್ದೆ. ಸುಮಾರು 4,800 ಕಿಲೋಮೀಟರ್. ಹಾಯಿ ಇಲ್ಲ, ಎಂಜಿನ್ ಇಲ್ಲ, ನಾಲ್ಕು ಜನ. ಇಬ್ಬರು 2 ಗಂಟೆ ಹುಟ್ಟು ಹಾಕುತ್ತಿದ್ದರೆ ಇನ್ನಿಬ್ಬರಿಗೆ 2 ಗಂಟೆ ವಿಶ್ರಾಂತಿ. ಹಗಲೂ ರಾತ್ರಿ ಹೀಗೇ. ಇದಕ್ಕೆ ತೋಳಲ್ಲಿ ಬಲ ಬೇಕು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ನನಗೂ ಅನಿಸಿತು. ರೋಯಿಂಗ್ ಮೆಷಿನ್ ಮೇಲೆ 2,000 ಮೀಟರ್‌ಗೆ ಎಷ್ಟು ನಿಮಿಷ ಬೇಕು ಅಂತ ಬಂದವರನ್ನೆಲ್ಲ ಕೇಳಿದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಸಾಮಾನು ತುಂಬಿದ ಈ ದೋಣಿ ಸಾಗರದಲ್ಲಿ ಹೋಗುವುದೇ ಗಂಟೆಗೆ 4-5 ಕಿಲೋಮೀಟರ್. ನಾವು ನಡೆಯುವಷ್ಟು ವೇಗ.

ಮೆಷಿನ್ ಮೇಲೆ ಎಲ್ಲರಿಗಿಂತ ಬೇಗ ಮುಗಿಸಿದವನನ್ನು ಕಣ್ಣು ಮುಚ್ಚಿ ಸೇರಿಸಿಕೊಂಡೆ. ಜೊತೆಗೆ ಒಬ್ಬಳು ನರ್ಸ್, ಒಬ್ಬ ಎಲೆಕ್ಟ್ರಿಷಿಯನ್. ಇವರಿಬ್ಬರನ್ನು ಆರಿಸಿದ್ದು ಮಾತ್ರ ಲೆಕ್ಕ ಹಾಕಿಯೇ. ಉಪ್ಪುನೀರಲ್ಲಿ ನೆನೆದು, ಸೀಟಿಗೆ ಉಜ್ಜಿ ಉಜ್ಜಿ ಪೃಷ್ಠದ ಮೇಲೆ ಹುಣ್ಣಾಗುತ್ತದೆ. ಆಗ ನಾಚಿಕೆ ಬಿಟ್ಟು ತೋರಿಸಲು ಒಬ್ಬರು ಇರಬೇಕು. ಇನ್ನು ಕುಡಿಯುವ ನೀರು. ಸಮುದ್ರದ ನೀರನ್ನೇ ಸಿಹಿ ಮಾಡುವ ವಾಟರ್‌ಮೇಕರ್ ಓಡುವುದು ಸೋಲಾರ್ ಪ್ಯಾನೆಲ್‌ನಿಂದ ಚಾರ್ಜ್ ಆಗುವ ಬ್ಯಾಟರಿಯಿಂದ. ಒಂದು ವೈರ್ ತುಕ್ಕು ಹಿಡಿದರೆ ಆಮೇಲೆ ಕೈಪಂಪ್ ಒತ್ತುತ್ತಾ ಕೂರಬೇಕು.

ಕರಾವಳಿಯ ಹತ್ತಿರವೇ 48 ಗಂಟೆಯ ಟ್ರಯಲ್ ಇಟ್ಟುಕೊಂಡೆವು. ಪಾಳಿ ಮುಗಿಯುವ 10 ನಿಮಿಷ ಮೊದಲು ಕ್ಯಾಬಿನ್ ಬಾಗಿಲು ತಟ್ಟುತ್ತೇವೆ. ಒಳಗಿದ್ದವರು ಒದ್ದೆ ಜಾಕೆಟ್ ಏರಿಸಿ, ತಲೆಗೆ ಟಾರ್ಚ್ ಕಟ್ಟಿ, ಸೇಫ್ಟಿ ಹಗ್ಗ ಸಿಕ್ಕಿಸಿಕೊಂಡು ಹೊರಗೆ ಬರಬೇಕು. ಬದಲಾಗುವುದು ಒಬ್ಬೊಬ್ಬರೇ. ಇಬ್ಬರೂ ಒಟ್ಟಿಗೆ ಹುಟ್ಟು ಬಿಟ್ಟರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ. ಮೊದಲ ರಾತ್ರಿ 2 ಗಂಟೆಗೆ ನಾನು ಬಾಗಿಲು ತಟ್ಟಿದೆ. ಒಳಗಿಂದ "ಬಂದೆ, ಬಂದೆ" ಅಂದ ನಮ್ಮ ಬಲಶಾಲಿ. ಆಮೇಲೆ ಚಾಕೊಲೇಟ್ ಸುತ್ತಿದ ಕಾಗದ ಬಿಚ್ಚುವ ಪರಪರ ಸದ್ದು. ಅವನು ಹೊರಗೆ ಬಂದಾಗ ಸಮಯ ಮೀರಿ 5 ನಿಮಿಷ. ಮುಂದಿನ ಪಾಳಿಗೂ 5 ನಿಮಿಷ. ಅದರ ಮುಂದಿನದಕ್ಕೂ ಅಷ್ಟೇ. ಹುಟ್ಟು ಹಿಡಿದ ಮೇಲೆ ಮಾತ್ರ ಅವನಷ್ಟು ಚೆನ್ನಾಗಿ ಎಳೆಯುವವರು ನಮ್ಮಲ್ಲಿ ಇರಲಿಲ್ಲ.

ದಡಕ್ಕೆ ಬಂದು ಲೆಕ್ಕ ಹಾಕಿದೆ. ದಿನಕ್ಕೆ 6 ಪಾಳಿ, ಪಾಳಿಗೆ 5 ನಿಮಿಷ, ಅಂದರೆ ಅರ್ಧ ಗಂಟೆ. 50 ದಿನಕ್ಕೆ 25 ಗಂಟೆ. ಅಷ್ಟೂ ಬೇರೆಯವರ ನಿದ್ದೆಯಿಂದ ಕದ್ದದ್ದು. ಫೋನ್ ಮಾಡಿ ಬೇಡ ಅಂದೆ. "ಬರೀ 5 ನಿಮಿಷಕ್ಕಾ?" ಅಂದ. ಹೌದು, ಅಷ್ಟಕ್ಕೇ. ಆ ಫೋನ್ ಮಾಡಲು ನನಗೆ 11 ದಿನ ಹಿಡಿಯಿತು, ಅದು ನನ್ನ ತಪ್ಪು.

ನಾಲ್ಕನೆಯವರನ್ನು ನಾನೊಬ್ಬನೇ ಆರಿಸಲಿಲ್ಲ, ಮೂವರೂ ಕೂತು ಮಾತಾಡಿಸಿದೆವು. ಎಲ್ಲರಿಗೂ ಒಂದೇ ಪ್ರಶ್ನೆ: ಹಸಿವಾಗಿ, ನಿದ್ದೆಗೆಟ್ಟಾಗ ನೀವು ಹೇಗಿರುತ್ತೀರಿ? ಹೆಚ್ಚಿನವರು "ನಾನು ತುಂಬಾ ಕೂಲ್" ಅಂದರು. ಒಬ್ಬ ಶಾಲಾ ಶಿಕ್ಷಕಿ ಮಾತ್ರ, "ಮಾತು ಬಿಡ್ತೀನಿ. ಏನಾದ್ರೂ ತಿನ್ನೋಕೆ ಕೊಟ್ರೆ ಸರಿಹೋಗ್ತೀನಿ" ಅಂದಳು. ಅವಳ ಜೊತೆ ಹಿಂದೆ ಚಾರಣಕ್ಕೆ ಹೋಗಿದ್ದವರಿಗೆ ಫೋನ್ ಮಾಡಿ ಕೇಳಿದೆವು. ನಿಜವಂತೆ. ಅವಳಿಗೆ ಹುಟ್ಟು ಹಿಡಿದೇ ಗೊತ್ತಿರಲಿಲ್ಲ. ಅದನ್ನು ಒಂದು ವರ್ಷದಲ್ಲಿ ಕಲಿಸಬಹುದು.

ನೀವೂ ಹೀಗೆ ತಂಡ ಕಟ್ಟುವುದಾದರೆ ದುಡ್ಡಿನ ಮಾತನ್ನು ಮೊದಲ ಭೇಟಿಯಲ್ಲೇ ಎತ್ತಿ. ಕಂತು ಕಟ್ಟುವ ದಿನ ಹತ್ತಿರ ಬಂದಂತೆ ಉತ್ಸಾಹಿಗಳು ಒಬ್ಬೊಬ್ಬರೇ ಕರಗಿಹೋಗುತ್ತಾರೆ. ಮನೆಯವರನ್ನೂ ಕೂರಿಸಿಕೊಂಡು ಮಾತಾಡಿ. ನಮ್ಮ ಎಲೆಕ್ಟ್ರಿಷಿಯನ್ ಹೆಂಡತಿಗೆ ಹೇಳಿಯೇ ಇರಲಿಲ್ಲ! ಬಕೆಟ್ಟೇ ಶೌಚಾಲಯ ಅನ್ನುವುದನ್ನೂ ಆವತ್ತೇ ಹೇಳಿಬಿಡಿ. ಪ್ರಥಮ ಚಿಕಿತ್ಸೆ, ರೇಡಿಯೊ, ದಾರಿ ಹುಡುಕುವುದು, ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವುದು, ಈ ಕೋರ್ಸ್‌ಗಳನ್ನು ನಾಲ್ವರೂ ಮಾಡಿದೆವು.

ಕೊನೆಗೆ ಉಳಿದದ್ದು, ಯಾರ ಮಾತು ನಡೆಯಬೇಕು ಅನ್ನುವುದು. 1966ರಲ್ಲಿ ಜಾನ್ ರಿಡ್ಜ್‌ವೇ ಮತ್ತು ಚೇ ಬ್ಲೈತ್ 92 ದಿನ ಹುಟ್ಟು ಹಾಕಿ ಉತ್ತರ ಅಟ್ಲಾಂಟಿಕ್ ದಾಟಿದರು. ಇಬ್ಬರೂ ಬ್ರಿಟನ್ನಿನ ಪ್ಯಾರಾಶೂಟ್ ರೆಜಿಮೆಂಟ್‌ನವರು. ಒಬ್ಬ ಕ್ಯಾಪ್ಟನ್, ಇನ್ನೊಬ್ಬ ಸಾರ್ಜೆಂಟ್. ಅವರಿಗೆ ಈ ಪ್ರಶ್ನೆ ಬಂದಿರಲಿಕ್ಕಿಲ್ಲ. ನಮಗೆ ಬಂತು. ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿದೆವು. ಬಿರುಗಾಳಿಗೆ ಪ್ಯಾರಾ ಆಂಕರ್ (ದೋಣಿಯನ್ನು ಹಿಡಿದಿಡಲು ನೀರಿನೊಳಗೆ ಬಿಚ್ಚುವ ಪ್ಯಾರಾಶೂಟ್) ಯಾವಾಗ ಇಳಿಸಬೇಕು, ಯಾವಾಗ ಸಹಾಯ ಕೇಳಬೇಕು ಅನ್ನುವುದು ನನ್ನ ತೀರ್ಮಾನ. ಉಳಿದದ್ದೆಲ್ಲ ನಾಲ್ವರೂ ಮಾತಾಡಿ ತೀರ್ಮಾನಿಸುವುದು. ನಾಯಕನಿಗೇ ಆಗದಿದ್ದರೆ ನರ್ಸ್ ಹೇಳಿದಂತೆ. ಈ ಕೊನೆಯ ಸಾಲನ್ನು ಸುಮ್ನೆ ಇರಲಿ ಅಂತ ಸೇರಿಸಿದ್ದೆ.

ಹೊರಟ ಮೇಲೆ ನಾಲ್ಕು ದಿನ ವಾಂತಿ ಮಾಡಿದ್ದು ನಾನೊಬ್ಬನೇ. ಎರಡನೇ ದಿನ ಸಂಜೆ ನರ್ಸ್ ಆ ಸಾಲನ್ನು ನೆನಪಿಸಿದಳು. ನನ್ನ ಪಾಳಿಯನ್ನು ಮೂವರಿಗೂ ಹಂಚಿ, ನನ್ನನ್ನು ಒಳಗೆ ಮಲಗಿಸಿ ಕ್ಯಾಬಿನ್ ಬಾಗಿಲು ಹಾಕಿದಳು. ಆ ರಾತ್ರಿ ಯಾರೂ ನನ್ನ ಬಾಗಿಲು ತಟ್ಟಲಿಲ್ಲ.